ಬ್ಲೋವರ್ ಹತ್ತಿರದ ಕಾಫಿಯೇ ಯಾಕೆ ಒಣಗಲಿಲ್ಲ?

ಪ್ರಶ್ನೆ: ಸರ್, ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ತೋಟ ಇದೆ. ಕೊಯ್ಲಿನ ಹೊತ್ತಿಗೇ ಮಳೆ ಬಂದು ಎರಡು ವರ್ಷ ಕಣದಲ್ಲಿದ್ದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಕಾಳು) ಹಾಳಾಯಿತು. ಅದಕ್ಕೇ ಈ ಸಲ ಡ್ರೈಯರ್ ಮಾಡಿಸಿದೆವು. ಬೆಡ್ 13 ಅಡಿ ಉದ್ದ, ಆರೂವರೆ ಅಡಿ ಅಗಲ. ಒಂದು ಅಡಿ ದಪ್ಪಕ್ಕೆ ಕಾಫಿ ಹರಡುತ್ತೇವೆ. ಜಾಲರಿಯ ಕೆಳಗೆ ಒಂದೂವರೆ ಅಡಿ ಎತ್ತರದ ಗಾಳಿ ಪೆಟ್ಟಿಗೆ. ಅದರ ಒಂದು ತುದಿಗೆ 16 ಇಂಚು ಚೌಕದ ಡಕ್ಟ್, 3,400 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಬ್ಲೋವರ್. ಡಿಸೈನ್ ಮಾಡಿದವರು ಕಂಪ್ಯೂಟರಿನಲ್ಲಿ ಸಿಎಫ್‌ಡಿ, ಅಂದರೆ ಗಾಳಿ ಹೇಗೆ ಹರಿಯುತ್ತದೆ ಅನ್ನುವ ಸಿಮ್ಯುಲೇಶನ್ ಲೆಕ್ಕ, ಮಾಡಿ ಬಣ್ಣದ ಚಿತ್ರಗಳ ರಿಪೋರ್ಟ್ ಕೊಟ್ಟರು. ಬೆಡ್ ತುಂಬಾ ಒಂದೇ ಹಸಿರು ಬಣ್ಣ. ‘ಗಾಳಿ ಎಲ್ಲ ಕಡೆ ಸಮ’ ಅಂತ ಬರೆದಿದೆ. ಆದರೆ ದೂರದ ತುದಿಯ ಕಾಫಿ ಗರಿಗರಿ ಒಣಗುತ್ತದೆ, ಬ್ಲೋವರ್ ಪಕ್ಕದ ಎರಡೂ ಮೂಲೆ ಒದ್ದೆಯಾಗಿಯೇ ಇರುತ್ತದೆ. ಒಂದು ಲಾಟ್ ಮುಗ್ಗಲು ವಾಸನೆಯೂ ಬಂತು. ಕೇಳಿದರೆ ‘ಕಂಪ್ಯೂಟರ್ ಲೆಕ್ಕದ ಮೆಶ್ ಇನ್ನೂ ಸಣ್ಣ ಮಾಡಿ ಮತ್ತೆ ರನ್ ಮಾಡಬೇಕು’ ಅಂತ ಮತ್ತೆ ದುಡ್ಡು ಕೇಳುತ್ತಾರೆ. ನಮ್ಮ ಮನೆಯವರು ದೊಡ್ಡ ಬ್ಲೋವರ್ ಹಾಕೋಣ ಅಂತಾರೆ. ಹಾಸನದಲ್ಲಿ ಮೆಕ್ಯಾನಿಕಲ್ ಓದುತ್ತಿರುವ ನನ್ನ ಅಣ್ಣನ ಮಗ ತಾನೇ ಲ್ಯಾಪ್‌ಟಾಪಿನಲ್ಲಿ ಮಾಡುತ್ತೇನೆ ಅಂತಾನೆ. ಈ ಸಿಮ್ಯುಲೇಶನ್ ಅನ್ನುವುದನ್ನು ನಂಬಬಹುದಾ, ಅಥವಾ ಎಲ್ಲಾ ಸುಮ್ನೆ ಬಣ್ಣದ ಸಿನಿಮಾನಾ? ರಿಪೋರ್ಟಿನ ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ಮೇಡಂ, ನೀವು ಕಳಿಸಿದ ರಿಪೋರ್ಟಿನಲ್ಲಿ ನಾನು ಮೊದಲು ಚಿತ್ರಗಳನ್ನು ನೋಡಲಿಲ್ಲ. ನಾಲ್ಕನೇ ಪುಟದ ಸಣ್ಣ ಕೋಷ್ಟಕಕ್ಕೆ ಹೋದೆ. ಇರುವೆ ಗಾತ್ರದ ಅಕ್ಷರ. ಅಲ್ಲಿ ಒಂದು ಸಾಲು ಇದೆ: ‘ಇನ್‌ಲೆಟ್: ಬೆಡ್ಡಿನ ತಳ, ಸಮ ವೇಗ, ಸೆಕೆಂಡಿಗೆ 0.2 ಮೀಟರ್.’ ನಿಮ್ಮ ಒದ್ದೆ ಕಾಫಿಯ ಕತೆ ಆ ಸಾಲಿನಲ್ಲೇ ಇದೆ.

ಅದರ ಅರ್ಥ ಇಷ್ಟು. ಬೆಡ್ಡಿನ ತಳಕ್ಕೆ ಗಾಳಿ ಎಲ್ಲ ಕಡೆ ಸಮನಾಗಿ ಬಂದು ಸೇರುತ್ತದೆ ಅಂತ ಕಂಪ್ಯೂಟರಿಗೆ ಮೊದಲೇ ಹೇಳಿಬಿಟ್ಟಿದ್ದಾರೆ. ಆಮೇಲೆ, ಗಾಳಿ ಸಮನಾಗಿ ಹೋಗುತ್ತದಾ ಅಂತ ಅದನ್ನೇ ಕೇಳಿದ್ದಾರೆ. ಅದು ಹೌದು ಅಂದಿದೆ. ಇನ್ನೇನು ಹೇಳೀತು? ಬ್ಲೋವರ್, 16 ಇಂಚಿನ ಡಕ್ಟ್, ಒಂದೂವರೆ ಅಡಿಯ ಗಾಳಿ ಪೆಟ್ಟಿಗೆ, ಇವು ಯಾವುವೂ ಆ ಲೆಕ್ಕದೊಳಗೆ ಇಲ್ಲ. ಚಿತ್ರದಲ್ಲೂ ಇಲ್ಲ, ಇನ್ನೊಮ್ಮೆ ನೋಡಿ. ಬೆಡ್ ಮಾತ್ರ ಗಾಳಿಯಲ್ಲಿ ತೇಲುತ್ತಿದೆ. ನಿಮ್ಮ ತೊಂದರೆ ಹುಟ್ಟುವುದು ಅವರು ಬಿಟ್ಟ ಜಾಗದಲ್ಲೇ.

ಬೇಕಂತಲೇ ಮೋಸ ಮಾಡಿದ್ದಾರೆ ಅಂತ ನಾನು ಹೇಳುವುದಿಲ್ಲ. ಪೆಟ್ಟಿಗೆ ಸೇರಿಸಿದರೆ ಕೆಲಸ ನಾಲ್ಕು ಪಟ್ಟು ಆಗುತ್ತದೆ, ಕೊಟ್ಟ ಫೀಸಿಗೆ ಬೆಡ್ ಮಾತ್ರ ಮಾಡಿರಬಹುದು. ಆದರೆ ‘ಇದು ಬೆಡ್ಡಿನದು ಮಾತ್ರ, ಗಾಳಿ ಸಮನಾಗಿ ಬರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ’ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಅದು ಅವರ ತಪ್ಪು.

ಇದನ್ನು ನಾನು ಎತ್ತರದ ಕುರ್ಚಿಯಲ್ಲಿ ಕೂತು ಹೇಳುತ್ತಿಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. ಒಂದು ಕಾರ್ಖಾನೆಯ ಯಂತ್ರಕ್ಕೆ ತಂಪು ಗಾಳಿ ಕೊಡುವ ಪೆಟ್ಟಿಗೆ. ಫಿಲ್ಟರ್ ಮುಖದಲ್ಲಿ ಗಾಳಿ ಸಮ ಅಂತ ಹಾಕಿ, 40 ಪುಟದ ರಿಪೋರ್ಟ್ ಮಾಡಿ, ಎಲ್ಲರ ಕೈಲೂ ಭೇಷ್ ಅನ್ನಿಸಿಕೊಂಡೆ. ಯಂತ್ರ ಮಾತ್ರ ಬಿಸಿ ಆಗುತ್ತಲೇ ಇತ್ತು. ಅಲ್ಲಿದ್ದ ಒಬ್ಬ ಹಿರಿಯ ಫಿಟ್ಟರ್ ಹಾಳಾದ ಆಡಿಯೋ ಕ್ಯಾಸೆಟ್ಟಿನಿಂದ ಒಂದು ಗೇಣು ಟೇಪು ಕಿತ್ತು, ಕಡ್ಡಿಗೆ ಕಟ್ಟಿ, ಫಿಲ್ಟರ್ ಮುಂದೆ ಹಿಡಿದರು. ಮಧ್ಯದಲ್ಲಿ ಟೇಪು ಹೊರಗೆ ಹಾರಿತು. ಮೂಲೆಗೆ ಹಿಡಿದಾಗ ಒಳಗೆ ಎಳೆದುಕೊಂಡಿತು. ಗಾಳಿ ಅಲ್ಲಿ ಹಿಂದಕ್ಕೆ ಹೋಗುತ್ತಿತ್ತು! ಅವರೇನೂ ಮಾತಾಡಲಿಲ್ಲ. ಟೇಪು ನನ್ನ ಕೈಗೆ ಕೊಟ್ಟು ಟೀಗೆ ಹೋದರು. ಅವತ್ತಿನಿಂದ ಯಾರ ರಿಪೋರ್ಟ್ ಬಂದರೂ ನಾನು ಮೊದಲು ಓದುವುದು ಆ ಸಣ್ಣ ಕೋಷ್ಟಕವನ್ನೇ.

ಈಗ ನಿಮ್ಮ ಮೂಲೆಗೆ ಬರೋಣ. ಬ್ಲೋವರ್ ಹತ್ತಿರ ಗಾಳಿ ಜಾಸ್ತಿ, ದೂರಕ್ಕೆ ಹೋದಂತೆ ಕಮ್ಮಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಮ್ಮ ಮನೆಯವರೂ ಹಾಗೇ ಅಂದುಕೊಂಡಿರಬೇಕು. ಆದರೆ ಇಂಥ ಪೆಟ್ಟಿಗೆಯಲ್ಲಿ ನಡೆಯುವುದು ಉಲ್ಟಾ.

ಗೊರೂರಿನ ಹೇಮಾವತಿ ಅಣೆಕಟ್ಟಿನ ಗೇಟು ತೆರೆದಾಗ ನೋಡಿದ್ದೀರಾ? ಹೊರಬಂದ ನೀರು ತಕ್ಷಣ ಅಕ್ಕಪಕ್ಕ ಹರಡುವುದಿಲ್ಲ. ಬಾಣದ ಹಾಗೆ ನೇರ ನುಗ್ಗುತ್ತದೆ. ಎಲ್ಲಿ ಬಡಿಯುತ್ತದೋ ಅಲ್ಲಿ ಉಕ್ಕಿ ಮೇಲೇಳುತ್ತದೆ. ಆ ರಭಸದ ಪಕ್ಕದಲ್ಲೇ, ಗೋಡೆಯ ಹತ್ತಿರ, ನೀರು ನಿಧಾನವಾಗಿ ಹಿಂದಕ್ಕೆ ಸುತ್ತುತ್ತಿರುತ್ತದೆ. ಕಸ ಕಡ್ಡಿ ಅಲ್ಲೇ ಗಿರಕಿ ಹೊಡೆಯುತ್ತದೆ. ನಿಮ್ಮ ಗಾಳಿ ಪೆಟ್ಟಿಗೆಯೂ ಹಾಗೇ. ಡಕ್ಟಿನಿಂದ ಬಂದ ಗಾಳಿ ಸೀದಾ ಎದುರಿನ ಗೋಡೆಗೆ ಬಡಿದು ಅಲ್ಲಿ ಒತ್ತಡ ಕಟ್ಟುತ್ತದೆ. ಆ ತುದಿಯ ಕಾಫಿಯೊಳಗೆ ಜಾಸ್ತಿ ಗಾಳಿ ನುಗ್ಗುತ್ತದೆ. ಡಕ್ಟಿನ ಅಕ್ಕಪಕ್ಕದ ಎರಡು ಮೂಲೆಯಲ್ಲಿ ಗಾಳಿ ಸುಮ್ಮನೆ ಸುತ್ತು ಹೊಡೆಯುತ್ತದೆ. ಮೇಲಕ್ಕೆ ತಳ್ಳುವ ಒತ್ತಡ ಅಲ್ಲಿ ಸಾಲುವುದಿಲ್ಲ. ನೀವು ಹೇಳಿದ ಒದ್ದೆ ಮೂಲೆಗಳು ಅವೇ ಅಲ್ವಾ?

ಇದಕ್ಕೆ ಸೂಪರ್ ಕಂಪ್ಯೂಟರ್ ಬೇಡ, ನೀವು ಕೊಟ್ಟ ಅಳತೆಗಳೇ ಸಾಕು. 3,400 ಸಿಎಫ್‌ಎಂ ಅಂದರೆ ಸೆಕೆಂಡಿಗೆ ಸುಮಾರು 1.6 ಘನ ಮೀಟರ್ ಗಾಳಿ. ಅಷ್ಟು ಗಾಳಿ 16 ಇಂಚು ಚೌಕದ ಬಾಯಿಂದ ಬರಬೇಕಾದರೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್ ವೇಗ ಬೇಕು. ಊರೊಳಗೆ ಓಡುವ ಸ್ಕೂಟರಿನ ವೇಗ. ಆ ವೇಗದ ಗಾಳಿ ಗೋಡೆಗೆ ಬಡಿದು ನಿಂತರೆ ಸುಮಾರು 50 ಪ್ಯಾಸ್ಕಲ್ ಒತ್ತಡ ಆಗುತ್ತದೆ. ನೀರಿನ ಲೆಕ್ಕದಲ್ಲಿ 5 ಮಿಲಿಮೀಟರ್ ಎತ್ತರ. ಸಣ್ಣದು ಅನ್ನಿಸುತ್ತದೆ. ಆದರೆ ಅದನ್ನು ಕಾಫಿಯ ಜೊತೆ ಹೋಲಿಸಿ ನೋಡಬೇಕು. ಒಂದು ಅಡಿ ದಪ್ಪದ ಪಾರ್ಚ್‌ಮೆಂಟ್ ಮೂಲಕ ನಿಮ್ಮ ಗಾಳಿ ಹಾಯಲು ಎಷ್ಟು ಒತ್ತಡ ಬೇಕು? ಕಾಳು ತುಂಬಿದ ಹಾಸಿನೊಳಗೆ ಗಾಳಿ ಹೋಗುವುದಕ್ಕೆ 1952ರಿಂದ ಎರ್ಗನ್ ಸೂತ್ರ ಅಂತ ಒಂದಿದೆ. ಕಾಳಿನ ಗಾತ್ರ, ಮಧ್ಯದ ಸಂದು, ಗಾಳಿಯ ವೇಗ, ಮೂರು ಹಾಕಿದರೆ ಸಾಕು. ಕಾಳು 7 ಮಿಲಿಮೀಟರ್, ಸಂದು 45 ಪರ್ಸೆಂಟ್ ಅಂತಿಟ್ಟುಕೊಂಡರೆ ಬರುವುದು ಸುಮಾರು 30 ಪ್ಯಾಸ್ಕಲ್.

ಅಂದರೆ ಕಾಫಿ ಒಡ್ಡುವ ತಡೆ 30, ಗಾಳಿಯ ರಭಸ 50. ರಭಸವೇ ಜಾಸ್ತಿ ಇದ್ದಾಗ ಗಾಳಿ ಹಂಚಿಕೆ ಕಾಫಿಯ ಕೈಯಲ್ಲಿ ಇರುವುದಿಲ್ಲ. ಗಾಳಿ ಸಮನಾಗಿ ಹಂಚಬೇಕಾದರೆ ಒಳಬರುವ ರಭಸ ಕಾಫಿಯ ತಡೆಯ ಹತ್ತನೇ ಒಂದು ಭಾಗದಷ್ಟಿರಬೇಕು ಅನ್ನುವುದು ನಮ್ಮ ಕಸುಬಿನ ಹಳೇ ಲೆಕ್ಕ. ನಿಮ್ಮಲ್ಲಿ ಅದು ಹದಿನಾರು ಹದಿನೇಳು ಪಟ್ಟು ಮೀರಿದೆ.

ಮುಗ್ಗಲು ವಾಸನೆಗೂ ಇದೇ ಕಾರಣ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ಹೊತ್ತು ತರುವುದು ಗಾಳಿಯೇ. ಮೂಲೆಗೆ ಬರುವ ಸ್ವಲ್ಪ ಗಾಳಿ ಕೆಳಗಿನ ನಾಲ್ಕು ಇಂಚು ಕಾಫಿಯಲ್ಲೇ ತಣ್ಣಗಾಗಿ, ತೇವ ತುಂಬಿಕೊಂಡು ಸುಸ್ತಾಗುತ್ತದೆ. ಮೇಲಿನ ಎಂಟು ಇಂಚಿಗೆ ಅದು ಕೊಡುವುದು ಬೆಚ್ಚಗಿನ ಹಬೆ ಮಾತ್ರ. ಬೂಷ್ಟಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಇನ್ನು ಬ್ಲೋವರ್ ದೊಡ್ಡದು ಮಾಡುವ ಮಾತು. ಗಾಳಿ ಎರಡರಷ್ಟು ಮಾಡಿದರೆ ರಭಸ ನಾಲ್ಕರಷ್ಟು ಆಗುತ್ತದೆ, 200 ಪ್ಯಾಸ್ಕಲ್ ದಾಟುತ್ತದೆ. ಕಾಫಿಯ ತಡೆ ಮಾತ್ರ ನಾಲ್ಕು ಪಟ್ಟು ಆಗುವುದಿಲ್ಲ. ಅದರಲ್ಲಿ ಒಂದು ಭಾಗ ವೇಗದ ವರ್ಗಕ್ಕೆ ತಕ್ಕಂತೆ ಏರಿದರೆ ಇನ್ನೊಂದು ಭಾಗ ವೇಗದಷ್ಟೇ ಏರುತ್ತದೆ. ಒಟ್ಟು ಮೂರೂಕಾಲು ಪಟ್ಟು, ಅಂದರೆ ನೂರರ ಹತ್ತಿರ. ಹಂಚಿಕೆ ಇನ್ನೂ ಸ್ವಲ್ಪ ಕೆಡುತ್ತದೆಯೇ ಹೊರತು ಸರಿಹೋಗುವುದಿಲ್ಲ. ಮೂಲೆಗೂ ಸ್ವಲ್ಪ ಜಾಸ್ತಿ ಗಾಳಿ ಸಿಗುತ್ತದೆ, ನಿಜ. ಆದರೆ ಅಷ್ಟರಲ್ಲಿ ದೂರದ ತುದಿಯ ಕಾಫಿ ಒಡೆಯುವಷ್ಟು ಒಣಗಿರುತ್ತದೆ. ಕರೆಂಟಿನ ಕತೆ ಬೇರೆ. ಅದೇ ಪೆಟ್ಟಿಗೆಯಲ್ಲಿ ಎರಡರಷ್ಟು ಗಾಳಿ ತಳ್ಳಲು ಹೆಚ್ಚುಕಮ್ಮಿ ಏಳೆಂಟು ಪಟ್ಟು ಶಕ್ತಿ ಬೇಕು. ನಿಮ್ಮ ಮನೆಯವರಿಗೆ ಬೇರೇನೂ ಬೇಡ, ಆ ಮೋಟರಿನ ರೇಟು ಹೇಳಿ.

ಮೆಶ್ ಸಣ್ಣ ಮಾಡುವ ಮಾತಿಗೆ ಸ್ವಲ್ಪ ಹಿನ್ನೆಲೆ ಬೇಕು. ಅಣ್ಣನ ಮಗನಿಗೂ ಇದು ಉಪಯೋಗಕ್ಕೆ ಬಂದೀತು.

ಸಿಎಫ್‌ಡಿ ಅಂದರೆ ಗಾಳಿ ಅಥವಾ ನೀರು ಇರುವ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಗೂಡುಗಳಾಗಿ ಕತ್ತರಿಸಿ (ಈ ಗೂಡುಗಳ ಬಲೆಯೇ ಮೆಶ್), ಒಂದೊಂದು ಗೂಡಿಗೂ ಜಮಾ ಖರ್ಚು ಬರೆಯುವುದು. ಎಷ್ಟು ಗಾಳಿ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಯಾವ ಒತ್ತಡ ಎಷ್ಟು ತಳ್ಳಿತು, ಎಷ್ಟು ಶಾಖ ಬಂತು. ಲೆಕ್ಕದ ನಿಯಮ ಹಳೆಯದು. 1822ರಲ್ಲಿ ಫ್ರಾನ್ಸಿನ ನೇವಿಯರ್ ಶುರು ಮಾಡಿದ್ದನ್ನು 1845ರಲ್ಲಿ ಸ್ಟೋಕ್ಸ್ ಗಟ್ಟಿ ಮಾಡಿದರು. ಎಷ್ಟು ಜಟಿಲ ಅಂದರೆ, ಆ ಸಮೀಕರಣಕ್ಕೆ ಯಾವಾಗಲೂ ಸರಿಯಾದ ಉತ್ತರ ಇದ್ದೇ ಇರುತ್ತದೆ ಅಂತ ಸಾಧಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಕೊಡುತ್ತೇವೆ ಅಂತ 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಸಾರಿತು. ಬಹುಮಾನ ಇನ್ನೂ ಯಾರಿಗೂ ಸಿಕ್ಕಿಲ್ಲ. ನಾವು ಇಂಜಿನಿಯರುಗಳು ಅದಕ್ಕೆಲ್ಲ ಕಾಯುವುದಿಲ್ಲ. ಕೂಡಿ ಕಳೆದು ಹತ್ತಿರದ ಉತ್ತರ ತೆಗೆಯುತ್ತೇವೆ. ಹಾಗೆ ತೆಗೆಯುವ ಒಂದು ಜನಪ್ರಿಯ ದಾರಿಗೆ ‘ಸಿಂಪಲ್’ ಅಂತ ಹೆಸರು. 1972ರಲ್ಲಿ ಅದನ್ನು ಕೊಟ್ಟವರಲ್ಲಿ ಒಬ್ಬರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಸುಹಾಸ್ ಪಾಟಣಕರ್, ಇನ್ನೊಬ್ಬರು ಲಂಡನ್ನಿನ ಸ್ಪಾಲ್ಡಿಂಗ್.

ಗೂಡು ಸಣ್ಣ ಮಾಡಿದಷ್ಟೂ ಚಿತ್ರ ನಯವಾಗುತ್ತದೆ, ನಿಜ. ಆದರೆ ತಪ್ಪು ಪ್ರಶ್ನೆಗೆ ನಯವಾದ ಉತ್ತರ ಸಿಕ್ಕಿ ಏನು ಪ್ರಯೋಜನ? ನಿಮ್ಮ ರಿಪೋರ್ಟಿನಲ್ಲಿ ಎಂಟು ಲಕ್ಷ ಗೂಡು ಇವೆ. ಎಂಬತ್ತು ಲಕ್ಷ ಮಾಡಿದರೂ ಬೆಡ್ಡಿನ ತಳದಲ್ಲಿ ಗಾಳಿ ಸಮ ಅಂತ ಬರೆದಿರುವವರೆಗೆ ಅದೇ ಹಸಿರು ಬಣ್ಣವೇ ಬರುತ್ತದೆ. ಇದಕ್ಕೆ ಮತ್ತೆ ದುಡ್ಡು ಕೊಡಬೇಡಿ.

ಅವರು ‘ಲೆಕ್ಕ ಕನ್ವರ್ಜ್ ಆಗಿದೆ’ ಅಂತಲೂ ಬರೆದಿದ್ದಾರೆ. ಜಮಾ ಖರ್ಚು ಟ್ಯಾಲಿ ಆಗಿದೆ ಅಂತ ಅದರರ್ಥ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಟರ್ ಬರೆದ ಚೆಕ್‌ರೋಲಿನ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಮೊತ್ತ ಪೈಸೆ ಬಿಡದೆ ಟ್ಯಾಲಿ ಆಗಬಹುದು. ಕೆಲಸಕ್ಕೆ ಬರದವನ ಹೆಸರೂ ಅದರಲ್ಲಿ ಇರಬಹುದು.

ನೂರು ವರ್ಷದ ಹಿಂದೆಯೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನುವ ಇಂಗ್ಲೆಂಡಿನವರು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದರು. ಬಿಡುವಿನಲ್ಲಿ ಕೂತು ಕೈಯಲ್ಲೇ ಹವಾಮಾನದ ಲೆಕ್ಕ ಹಾಕಿದರು. ಯುರೋಪನ್ನು ಚೌಕಗಳಾಗಿ ಕತ್ತರಿಸಿ, 1910ರ ಮೇ 20ರ ಅಂಕಿಗಳಿಂದ ಶುರು ಮಾಡಿ, ಆರು ಗಂಟೆಯಲ್ಲಿ ವಾಯುಭಾರ ಎಷ್ಟು ಬದಲಾಗುತ್ತದೆ ಅಂತ ನೋಡಿದರು. ಉತ್ತರ 145 ಮಿಲಿಬಾರ್ ಏರಿಕೆ ಅಂತ ಬಂತು. ಅಷ್ಟು ಏರುವುದು ಭೂಮಿಯ ಮೇಲೆ ಸಾಧ್ಯವೇ ಇಲ್ಲ. ಅವತ್ತು ನಿಜವಾಗಿ ವಾಯುಭಾರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ತಮಾಷೆ ಅಂದರೆ ಸಮೀಕರಣ ತಪ್ಪಿರಲಿಲ್ಲ. ಶುರುವಿಗೆ ಹಾಕಿದ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಅಂಕಿಗಳನ್ನು ತಿದ್ದಿ ಅದೇ ಲೆಕ್ಕ ಮಾಡಿದಾಗ ಉತ್ತರ ಸರಿಯಾಗಿ ಬಂತು. ಆ ಮನುಷ್ಯ ತನ್ನ ತಪ್ಪು ಉತ್ತರವನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕದಲ್ಲೇ ಅಚ್ಚು ಹಾಕಿಸಿದರು. ಅದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ.

ಗೂಡುಗಳ ಬಗ್ಗೆ ಇನ್ನೊಂದು ಮಾತು. ವೇಗದ ಗಾಳಿ ನಯವಾಗಿ ಹರಿಯುವುದಿಲ್ಲ. ದೊಡ್ಡ ಸುಳಿ, ಅದರೊಳಗೆ ಸಣ್ಣ ಸುಳಿ, ಅದರೊಳಗೆ ಕೂದಲೆಳೆಯಷ್ಟು ಸುಳಿ. ನಿಮ್ಮ ಡಕ್ಟಿನ ಗಾಳಿಯ ಎಲ್ಲ ಸುಳಿಗಳನ್ನೂ ಹಿಡಿಯಬೇಕಾದರೆ ಸಾವಿರಾರು ಕೋಟಿ ಗೂಡು ಬೇಕು. ಯಾರೂ ಮಾಡುವುದಿಲ್ಲ. ಅದಕ್ಕೇ ಸುಳಿಗಳ ಪರಿಣಾಮವನ್ನು ಸರಾಸರಿಯಲ್ಲಿ ಹಿಡಿಯುವ ಅಂದಾಜು ಸೂತ್ರಗಳನ್ನು ಬಳಸುತ್ತೇವೆ. ಅವುಗಳಲ್ಲಿ ಎಲ್ಲರೂ ಬಳಸುವುದು ಕೆ-ಎಪ್ಸಿಲಾನ್ ಮಾಡೆಲ್, 1970ರ ದಶಕದ್ದು. ನಂಬಿಕಸ್ಥ ಕುದುರೆ. ಆದರೆ ಅದಕ್ಕೊಂದು ಗೊತ್ತಿರುವ ಚಾಳಿ ಇದೆ: ದುಂಡು ಬಾಯಿಂದ ನುಗ್ಗುವ ಗಾಳಿ ನಿಜಕ್ಕಿಂತ ಬೇಗ ಹರಡಿದಂತೆ ತೋರಿಸುತ್ತದೆ. ಪೆಟ್ಟಿಗೆಯನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದರೂ ನಿಮ್ಮ ತೊಂದರೆಯನ್ನು ಅದು ಸ್ವಲ್ಪ ಕಮ್ಮಿ ಮಾಡಿ ತೋರಿಸುವ ಸಾಧ್ಯತೆ ಇದೆ. ಇದನ್ನು ತಿಳಿದಿರುವವರು ಮಾಡಬೇಕು ಅನ್ನುವುದು ಇದಕ್ಕೇ.

ಹಾಗಾದರೆ ಸಿಮ್ಯುಲೇಶನ್ ಬಣ್ಣದ ಸಿನಿಮಾನಾ? ಇಲ್ಲ ಮೇಡಂ. ಜೀವನಪೂರ್ತಿ ಅದರಲ್ಲೇ ಅನ್ನ ಉಂಡಿದ್ದೇನೆ. ವಿಮಾನದ ರೆಕ್ಕೆ, ಟರ್ಬೈನ್, ಕಾರಿನ ಇಂಜಿನ್, ಯಾವುದೂ ಇವತ್ತು ಇದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. 1986ರಲ್ಲಿ ವಿಮಾನ ಸಂಶೋಧನೆ ಮಾಡುವ ಬೆಂಗಳೂರಿನ ಎನ್‌ಎಎಲ್‌ನವರು ದೇಶದಲ್ಲೇ ಮೊದಲು ಸಮಾಂತರ ಕಂಪ್ಯೂಟರ್ (ಒಂದೇ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿ ಒಟ್ಟಿಗೆ ಮಾಡುವಂಥದ್ದು) ಕಟ್ಟಿದ್ದೂ ಈ ಲೆಕ್ಕಕ್ಕಾಗಿಯೇ. ಹೆಸರೇ ಫ್ಲೋಸಾಲ್ವರ್. ಅವತ್ತಿನ ಆ ಯಂತ್ರಕ್ಕಿಂತ ನಿಮ್ಮ ಹುಡುಗನ ಲ್ಯಾಪ್‌ಟಾಪ್ ಎಷ್ಟೋ ಪಾಲು ಚುರುಕು. ಆದರೆ ರೆಕ್ಕೆ ಮಾಡುವವರು ಕಂಪ್ಯೂಟರ್ ಹೇಳಿತು ಅಂತ ಸುಮ್ಮನೆ ಹಾರಿಸುವುದಿಲ್ಲ, ಗಾಳಿ ಸುರಂಗದಲ್ಲಿ ಅಳೆಯುತ್ತಾರೆ. ನಮ್ಮ ರಾಜ್ಯದ ಅಣೆಕಟ್ಟುಗಳಿಗೆ ಕೆಆರ್‌ಎಸ್ ಪಕ್ಕದ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಇಟ್ಟಿಗೆ ಸಿಮೆಂಟಿನ ಸಣ್ಣ ಮಾದರಿ ಕಟ್ಟಿ, ನೀರು ಬಿಟ್ಟು ನೋಡುವ ಪದ್ಧತಿ ಇದೆ. ನಿಮಗೆ ಆ ಕಷ್ಟವೂ ಇಲ್ಲ. ನಿಮ್ಮ ಮಾದರಿ ಪೂರ್ತಿ ಅಳತೆಯಲ್ಲೇ ಕಣದ ಪಕ್ಕ ನಿಂತಿದೆ.

ಅದಕ್ಕೇ ಅಳೆಯುವುದರಿಂದ ಶುರು ಮಾಡಿ. ಮೊದಲು ಒಂದು ಕಡ್ಡಿ ತೆಗೆದುಕೊಂಡು ಬೆಡ್ಡಿನ ಹತ್ತಾರು ಕಡೆ ಚುಚ್ಚಿ ಕಾಫಿ ಎಲ್ಲ ಕಡೆ ಒಂದೇ ದಪ್ಪ ಇದೆಯಾ ನೋಡಿ. ಇದು ಚಿಲ್ಲರೆ ಅನ್ನಿಸುತ್ತದೆ. ಆದರೆ ಎಂಟು ಇಂಚು ಇರುವ ಕಡೆಯಿಂದ ಗಾಳಿ ಸುಲಭವಾಗಿ ನುಸುಳಿಬಿಡುತ್ತದೆ. ಜಾಲರಿ ಮತ್ತು ಗೋಡೆಯ ಮಧ್ಯೆ ಬೆರಳು ಹೋಗುವಷ್ಟು ಸಂದು ಇದ್ದರೂ ಅಷ್ಟೇ. ಸಂದು ಕಂಡರೆ ಮುಚ್ಚಿಸಿ.

ಆಮೇಲೆ ಮೇಲ್ಗಡೆ ಬರುವ ಗಾಳಿಯನ್ನು ಅಳೆಯಿರಿ. ಅಂಗಡಿಯಲ್ಲಿ ಸಿಗುವ ಸಣ್ಣ ಫ್ಯಾನಿನ ಗಾಳಿ ಮೀಟರ್ ಇಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ನಿಮ್ಮ ಬೆಡ್ಡಿನ ಮೇಲೆ ಗಾಳಿ ಸೆಕೆಂಡಿಗೆ 0.2 ಮೀಟರ್ ಮಾತ್ರ, ಅಷ್ಟಕ್ಕೆ ಆ ಫ್ಯಾನ್ ತಿರುಗುವುದೇ ಇಲ್ಲ. ಉಪಾಯ ಇದೆ. ತಗಡಿನಲ್ಲಿ ಒಂದು ಆಲಿಕೆ ಮಾಡಿಸಿ. ಕೆಳಗೆ 40 ಸೆಂಟಿಮೀಟರ್ ಚೌಕ, ಮೇಲೆ 15 ಸೆಂಟಿಮೀಟರ್ ಅಗಲದ ದುಂಡು ಬಾಯಿ. ಕಾಫಿಯ ಮೇಲೆ ಬೋರಲು ಹಾಕಿ, ಅಂಚನ್ನು ಕಾಳಿನಲ್ಲಿ ಸ್ವಲ್ಪ ಹೂಳಿ, ಬಾಯಿಗೆ ಮೀಟರ್ ಹಿಡಿಯಿರಿ. ಒಂಬತ್ತು ಪಟ್ಟು ವೇಗ ಸಿಗುತ್ತದೆ, 1.8 ಮೀಟರ್ ಆಸುಪಾಸು. ಬೆಡ್ಡನ್ನು ಉದ್ದಕ್ಕೆ ಆರು, ಅಗಲಕ್ಕೆ ಮೂರು ಭಾಗ ಮಾಡಿ ಹದಿನೆಂಟು ಕಡೆ ಬರೆದುಕೊಳ್ಳಿ. ಒಂದು ಗಂಟೆಯ ಕೆಲಸ. ಆ ಹದಿನೆಂಟು ಅಂಕಿ ನಿಮ್ಮ ಹತ್ತಿರ ಇರುವ ರಿಪೋರ್ಟಿಗಿಂತ ಬೆಲೆಯುಳ್ಳದ್ದು.

ಪೆಟ್ಟಿಗೆಯ ಒಳಗಿನ ಒತ್ತಡ ನೋಡಬೇಕು ಅಂದರೆ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಸಾಕು. ಅಗಲ ಬಾಟಲಿಯಲ್ಲಿ ಬಣ್ಣದ ನೀರು ಹಾಕಿ, ಮುಚ್ಚಳದಲ್ಲಿ ಎರಡು ತೂತು ಮಾಡಿ. ಒಂದರಿಂದ ಪೆಟ್ಟಿಗೆಯ ಗೋಡೆಯ ಸಣ್ಣ ರಂಧ್ರಕ್ಕೆ ಪೈಪು. ಇನ್ನೊಂದು ಪೈಪಿನ ಬುಡ ನೀರಿನೊಳಗೆ ಇರಲಿ, ಮೇಲಿನ ಭಾಗ ಓರೆ ಹಲಗೆಯ ಮೇಲೆ ಮಲಗಿರಲಿ. ಹಲಗೆ ಹತ್ತಕ್ಕೆ ಒಂದರಷ್ಟು ಓರೆ ಇದ್ದರೆ 3 ಮಿಲಿಮೀಟರ್ ಒತ್ತಡ 30 ಮಿಲಿಮೀಟರ್ ಆಗಿ ಕಣ್ಣಿಗೆ ಕಾಣುತ್ತದೆ. ಪೆಟ್ಟಿಗೆಯ ಉದ್ದಕ್ಕೂ ಐದು ಕಡೆ ಅಳೆದರೆ ದೂರದ ತುದಿಯಲ್ಲಿ ಜಾಸ್ತಿ, ಹತ್ತಿರ ಕಮ್ಮಿ ಅಂತ ನೀವೇ ನೋಡುತ್ತೀರಿ.

ಎರಡು ಎಚ್ಚರ. ಹೊಗೆಯಿಂದ ಗಾಳಿ ನೋಡೋಣ ಅಂತ ಯಾರಾದರೂ ಊದುಬತ್ತಿ ಹಚ್ಚಿದರೆ ಕಾಫಿ ಇರುವಾಗ ಬೇಡ. ಕಾಫಿ ವಾಸನೆ ಹೀರುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗಂತ ಬೆಡ್ ಖಾಲಿ ಇಟ್ಟು ನೋಡಿದರೂ ತಪ್ಪು ಉತ್ತರ ಬರುತ್ತದೆ, ಕಾಫಿಯ ತಡೆ ಇಲ್ಲದಾಗ ಗಾಳಿ ಬೇರೆ ದಾರಿ ಹಿಡಿಯುತ್ತದೆ. ಬೇಡದ ಹಳೇ ಕಾಳು ತುಂಬಿ ನೋಡಿ, ಅಥವಾ ಟೇಪು, ದಾರ ಕಟ್ಟಿ ನೋಡಿ. ಇನ್ನೊಂದು, ಸೌದೆ ಒಲೆ ಉರಿಯುವಾಗ ಯಾರೂ ಪೆಟ್ಟಿಗೆಯೊಳಗೆ ತಲೆ ಹಾಕಬಾರದು. ಅಳತೆಗೆ ತಣ್ಣನೆ ಗಾಳಿ ಸಾಕು.

ಈಗ ರಿಪೇರಿ. ನನ್ನ ಮೊದಲ ಆಯ್ಕೆ ಡಕ್ಟಿನ ಬಾಯಿ ಅಗಲಿಸುವುದು. ರಭಸ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಲಾಭ ದೊಡ್ಡದು. ಪೆಟ್ಟಿಗೆ ಸೇರುವಲ್ಲಿ ಬಾಯಿ ಐದು ಅಡಿ ಅಗಲ, ಒಂದೂವರೆ ಅಡಿ ಎತ್ತರ ಆದರೆ ವೇಗ 10ರಿಂದ 2.3 ಮೀಟರಿಗೆ ಬರುತ್ತದೆ. ರಭಸ 50ರಿಂದ 3 ಪ್ಯಾಸ್ಕಲ್ಲಿಗೆ ಬೀಳುತ್ತದೆ. ಕಾಫಿಯ ತಡೆ 30, ರಭಸ 3. ನಮಗೆ ಬೇಕಾದ ಹತ್ತನೇ ಒಂದು ಭಾಗ ಸಿಕ್ಕಿತು. ಆದರೆ 16 ಇಂಚನ್ನು ಗಬಕ್ಕನೆ ಐದು ಅಡಿಗೆ ಅಗಲಿಸಿದರೆ ಗಾಳಿ ಪಕ್ಕದ ತಗಡನ್ನು ಬಿಟ್ಟು ಮತ್ತೆ ಮಧ್ಯದಲ್ಲೇ ನೇರ ನುಗ್ಗುತ್ತದೆ. ಅಗಲಿಸುವ ಭಾಗ ಕನಿಷ್ಠ ನಾಲ್ಕು ಅಡಿ ಉದ್ದ ಇರಲಿ. ಅದರೊಳಗೆ ಬೀಸಣಿಗೆಯ ಕಡ್ಡಿಗಳ ಹಾಗೆ ಮೂರು ತಗಡು ನಿಲ್ಲಿಸಿ. ನಾಲ್ಕು ದಾರಿ ಆಗುತ್ತದೆ, ಒಂದೊಂದರ ಕೋನ 12 ಡಿಗ್ರಿ ಆಸುಪಾಸು. ಇದರಲ್ಲಿ ಅಪಾಯ ಒಂದೇ. ತಗಡು ಸರಿಯಾಗಿ ಕೂರದಿದ್ದರೆ ಗಾಳಿ ಒಂದೇ ಪಕ್ಕ ವಾಲುತ್ತದೆ. ಮೊದಲು ಸ್ಕ್ರೂ ಹಾಕಿ ನಿಲ್ಲಿಸಿ, ಆಲಿಕೆ ಇಟ್ಟು ಅಳೆದು, ಆಮೇಲೆ ವೆಲ್ಡಿಂಗ್ ಮಾಡಿಸಿ.

ಜಾಗ ಇಲ್ಲದಿದ್ದರೆ ಡಕ್ಟಿನ ಬಾಯಿಂದ ಒಂದು ಅಡಿ ದೂರದಲ್ಲಿ ಅಡ್ಡ ತಗಡು ನಿಲ್ಲಿಸಬಹುದು. ಗಾಳಿ ಅದಕ್ಕೆ ಬಡಿದು ಎರಡೂ ಮೂಲೆಗೆ ಹೋಗುತ್ತದೆ. ಅರ್ಧ ದಿನದ ಕೆಲಸ, ಖರ್ಚಿಲ್ಲ. ಆದರೆ ಅದೃಷ್ಟ ಕೆಟ್ಟರೆ ತಗಡಿನ ಹಿಂದೆಯೇ ಹೊಸ ಒದ್ದೆ ಜಾಗ ಹುಟ್ಟುತ್ತದೆ. ಎರಡು ಮೂರು ಸಲ ಹಿಂದೆ ಮುಂದೆ ಸರಿಸಿ ನೋಡಬೇಕಾದೀತು. ಪ್ಲೈವುಡ್ ಬೇಡ, ಅಂಟಿನ ವಾಸನೆ ಕಾಫಿಗೆ ಹತ್ತುತ್ತದೆ.

ಜಾಲರಿಯ ಕೆಳಗೆ ತೂತಿನ ತಗಡು ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ತತ್ವ ಸರಿ, ತಡೆ ಜಾಸ್ತಿ ಮಾಡಿದರೆ ಹಂಚಿಕೆ ಸುಧಾರಿಸುತ್ತದೆ. ಆದರೆ ಈಗಿರುವ 50 ಪ್ಯಾಸ್ಕಲ್ ರಭಸವನ್ನು ಅದರಿಂದಲೇ ಗೆಲ್ಲಬೇಕಾದರೆ 500 ಪ್ಯಾಸ್ಕಲ್ ತಡೆ ಬೇಕು. ನಿಮ್ಮ ಬ್ಲೋವರ್ ಉಸಿರು ಬಿಡುತ್ತದೆ. ಬಾಯಿ ಅಗಲಿಸಿದ ಮೇಲೆ ಕೊನೆಯ ಸಣ್ಣ ತಿದ್ದುಪಡಿಗೆ ಮಾತ್ರ ಅದು.

ಇದೆಲ್ಲ ಆಗುವವರೆಗೆ ಆಳು ಬಿಟ್ಟು ಕಾಫಿ ತಿರುವುವುದು, ಮೂಲೆಯದನ್ನು ಆ ತುದಿಗೆ ಬದಲಾಯಿಸುವುದು ಒಂದೇ ದಾರಿ. ಮೂಲೆ ಒಣಗಲಿಲ್ಲ ಅಂತ ಬಿಸಿ ಜಾಸ್ತಿ ಮಾಡಬೇಡಿ. ಪಾರ್ಚ್‌ಮೆಂಟ್ ಕಾಳಿನ ಬಿಸಿ 40 ಡಿಗ್ರಿ ದಾಟಿದರೆ ರುಚಿಗೆ ಪೆಟ್ಟು. ಬಿಸಿ ಜಾಸ್ತಿಯಾದಾಗ ಮೊದಲು ಕೆಡುವುದು ಚೆನ್ನಾಗಿ ಒಣಗುತ್ತಿದ್ದ ತುದಿಯೇ.

ಅಣ್ಣನ ಮಗ ಮಾಡುತ್ತೇನೆ ಅಂದರೆ ಖಂಡಿತ ಮಾಡಲಿ. ಓಪನ್‌ಫೋಮ್ ಅನ್ನುವ ಸಾಫ್ಟ್‌ವೇರ್ 2004ರಿಂದ ಎಲ್ಲರಿಗೂ ಉಚಿತ. ನಿಮ್ಮ ಒಂದು ಡ್ರೈಯರಿಗೆ ಅದು ಬೇಕಾಗಿಲ್ಲ, ಆಲಿಕೆ ಮತ್ತು ಪೈಪು ಸಾಕು. ಆದರೆ ಅಕ್ಕಪಕ್ಕದ ತೋಟದವರು ಸೇರಿ ಐದಾರು ಮಾಡಿಸುವ ಯೋಚನೆ ಇದ್ದರೆ ಸಿಮ್ಯುಲೇಶನ್ನಿಗೆ ಬೆಲೆ ಬರುತ್ತದೆ. ಹತ್ತು ಬಗೆಯ ಡಕ್ಟು ತಗಡು ಕತ್ತರಿಸದೆ ನೋಡಬಹುದು. ಅವನಿಗೆ ಇಷ್ಟು ಹೇಳಿ: ಲೆಕ್ಕ ಬ್ಲೋವರಿನ ಬಾಯಿಂದ ಶುರುವಾಗಬೇಕು. ಆ ಬಾಯಲ್ಲೂ ಗಾಳಿ ಸಮ ಅಂತ ಹಾಕಬೇಡ, ಬಾಗು ಪೈಪು ದಾಟಿದ ಗಾಳಿ ಒಂದು ಪಕ್ಕ ವಾಲಿರುತ್ತದೆ, ಅಳೆದು ಹಾಕು. ಕಾಫಿಯನ್ನು ತಡೆ ಇರುವ ಹಾಸು ಅಂತ ತೋರಿಸು, ಆ ತಡೆಯನ್ನು ಪೈಪಿನಲ್ಲಿ ಅಳೆದುಕೋ. ಮೆಶ್ ಮೂರು ಗಾತ್ರದಲ್ಲಿ ಮಾಡು, ಉತ್ತರ ಬದಲಾಗುವುದು ನಿಂತಿತಾ ನೋಡು. ಕೊನೆಗೆ ಅತ್ತೆ ಅಳೆದ ಹದಿನೆಂಟು ಅಂಕಿಯ ಪಕ್ಕ ನಿನ್ನ ಹದಿನೆಂಟು ಅಂಕಿ ಬರೆದು ತೋರಿಸು. ಇವತ್ತಿನ ಡ್ರೈಯರಿನ ಒದ್ದೆ ಮೂಲೆ ಅವನ ಲೆಕ್ಕದಲ್ಲಿ ಕಾಣಿಸಿತು ಅಂದರೆ ಹೊಸ ಡಕ್ಟಿನ ಬಗ್ಗೆ ಅವನು ಹೇಳುವುದನ್ನು ಕೇಳಬಹುದು.

ಡಿಸೈನ್ ಮಾಡಿದವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ನಾಲ್ಕನೇ ಪುಟದ ಆ ಸಾಲಿಗೆ ಗೆರೆ ಎಳೆದು, ಎರಡನ್ನೂ ಒಟ್ಟಿಗೆ ಕಳಿಸಿ. ಕಸುಬು ಗೊತ್ತಿರುವವರಾದರೆ ಬೇರೆ ಮಾತು ಬೇಕಾಗುವುದಿಲ್ಲ. ಡಕ್ಟ್ ಬದಲಾಯಿಸುವ ಖರ್ಚನ್ನಾದರೂ ಅವರು ಹೊರಬೇಕು ಅಂತ ನನಗನ್ನಿಸುತ್ತದೆ.

ಮುಗ್ಗಲು ಬಂದ ಲಾಟನ್ನು ಬೇರೆ ಇಡಿ, ಒಳ್ಳೆಯದರ ಜೊತೆ ಬೆರೆಸಬೇಡಿ. ಅದನ್ನು ಏನು ಮಾಡಬೇಕು ಅನ್ನುವುದಕ್ಕೆ ನಾನು ಸರಿಯಾದ ಮನುಷ್ಯ ಅಲ್ಲ, ನನಗೆ ತಿಳಿದಿರುವುದು ಗಾಳಿ ಮಾತ್ರ. ಒಂದು ಸ್ಯಾಂಪಲ್ ತೆಗೆದುಕೊಂಡು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳಿ.